ಸಾಹೇಬರ ನಾಯಿಗೆ ಅನ್ನ ಹಾಕಿದ ನಮ್ಮತ್ತೆ

ನಮ್ಮತ್ತೆಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಭತ್ತ ಕುಟ್ಟುವಾಗ ಒನಕೆಯ ಪೆಟ್ಟು ಬಿದ್ದು ಕಿತ್ತುಹೋದದ್ದು ಮತ್ತೆ ಹುಟ್ಟಲೇ ಇಲ್ಲವಂತೆ. ಉಗುರಿರಬೇಕಾದ ಜಾಗದಲ್ಲಿ ನುಣ್ಣನೆಯ ಕೆಂಪು ಚರ್ಮ, ನಡುವೆ ಒಂದು ಸಣ್ಣ ತಗ್ಗು. ಆ ಬೆರಳಿಂದಲೇ ಗಂಜಿಯ ಬಿಸಿ ನೋಡುತ್ತಿದ್ದರು, ಎಲೆಗೆ ಹಚ್ಚುವ ಸುಣ್ಣವನ್ನು ಆ ತಗ್ಗಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರುವಷ್ಟು ಊಟವೇ ಸಿಗಲಿಲ್ಲ, ಆ ಮಾತು ಬೇರೆ.

ಸತ್ತ ಅತ್ತೆಯ ವಿಷಯ ಹೇಳುವಾಗ ಸೊಸೆಯಂದಿರು ಅವರನ್ನು ದೇವಿ ಮಾಡಿ ಕೂರಿಸುತ್ತಾರೆ. ನಾನು ಆ ಜಾತಿಯವಳಲ್ಲ. ನಮ್ಮತ್ತೆ ಕೆಟ್ಟವರು. ಕೈ ಬಿಗಿ, ನಾಲಿಗೆ ಸಡಿಲ. ಹಾಗಂತ ನಾನು ಒಳ್ಳೆಯವಳು ಅಂತ ತಿಳಿಯಬೇಡಿ. ಓದಿ ಮುಗಿಸುವ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ನಾನು ತೀರ್ಥಹಳ್ಳಿ ಕಡೆಯವಳು. ಏಳನೇ ಕ್ಲಾಸು ಪಾಸಾಗಿದ್ದೆ. ನಮ್ಮ ಪೈಕಿ ಆಗ ಅಷ್ಟು ಓದಿದ ಹೆಣ್ಣುಮಕ್ಕಳು ಕಡಿಮೆ, ಹಾಗಾಗಿ ಓದು ಬರಹ ಬಲ್ಲ ಸೊಸೆ ಅಂತ ಹೇಳಿಕೊಳ್ಳಲಿಕ್ಕೆ ಆಗುತ್ತದೆ ಎಂದು ನನ್ನನ್ನು ತಂದರು. ತಂದದ್ದು ಊರಿನ ಮನೆಗಲ್ಲ, ಕಾರ್ಗಲ್ಲಿನಲ್ಲಿ ಅಣೆಕಟ್ಟೆ ಕೆಲಸದವರಿಗೆ ಸಾಲಾಗಿ ಕಟ್ಟಿದ್ದ ಲೈನ್‌ಮನೆಗೆ. ತಗಡಿನ ಮಾಡು, ಒಂದು ಕೋಣೆ, ಒಂದು ಅಡುಗೆಮೂಲೆ. ಬಾಗಿಲು ತೆಗೆದರೆ ಸಿಮೆಂಟಿನ ಧೂಳು, ಮುಚ್ಚಿದರೆ ಒಲೆಯ ಹೊಗೆ. ಗಂಡನ ಮನೆಯವರ ಊರು ಶರಾವತಿ ದಂಡೆಯ ಮೇಲಿತ್ತು. ಅಣೆಕಟ್ಟೆಗೆ ನೀರು ನಿಂತಮೇಲೆ ಅದು ಇರುವುದಿಲ್ಲ ಅಂತ ಮೊದಲೇ ಗುರುತು ಹಾಕಿದ್ದರು. ಗೇಣಿಗೆ ಮಾಡುತ್ತಿದ್ದ ಗದ್ದೆ ಅದು, ಪರಿಹಾರವೆಲ್ಲ ಒಡೆಯರಿಗೆ ಹೋಯಿತು. ಇವರ ಪಾಲಿಗೆ ಉಳಿದದ್ದು ನೇಗಿಲು, ನೊಗ, ಎರಡು ಬೇಟೆನಾಯಿ. ನಾಯಿಗಳನ್ನು ಯಾರಿಗೋ ಕೊಟ್ಟು, ನೊಗವನ್ನು ಒಲೆಗೆ ಹಾಕಿ ಕಾರ್ಗಲ್ಲಿಗೆ ಬಂದಿದ್ದರು.

ನಮ್ಮನೆಯವರು ಒಬ್ಬ ಎಂಜಿನಿಯರ್ ಸಾಹೇಬರ ಜೀಪು ಓಡಿಸುತ್ತಿದ್ದರು. ಕೆಲಸ ಖಾಯಂ ಅಲ್ಲ. ಅಣೆಕಟ್ಟೆ ಮುಗಿದ ದಿನ ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ನಮಗೆ ಹೋಗಲಿಕ್ಕೆ ಮನೆ ಎಲ್ಲಿದೆ? ಕೆಲವೇ ಕೆಲವರನ್ನು ಪವರ್‌ಹೌಸಿಗೆ ಖಾಯಂ ಮಾಡಿಕೊಳ್ಳುತ್ತಾರೆ, ಅವರಿಗೆ ಕಲ್ಲಿನ ಕ್ವಾರ್ಟರ್ಸು ಸಿಗುತ್ತದೆ ಎಂದು ಸುದ್ದಿ ಇತ್ತು. ಆ ಪಟ್ಟಿಗೆ ಹೆಸರು ಬರೆಯುವವರು ಇದೇ ಸಾಹೇಬರು. ನಮ್ಮತ್ತೆ ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು, ಆಮೇಲೆ ಸಾಹೇಬರ ಬಂಗಲೆಯ ದಿಕ್ಕಿಗೂ ಒಂದು ಸಲ ಕೈ ಎತ್ತುತ್ತಿದ್ದರು. ನಾನು ನಕ್ಕರೆ, "ನಗು ನಗು. ಬೀದಿಗೆ ಬಿದ್ದಾಗ ಹಲ್ಲು ಕಾಣ್ಸೋಕೆ ಆಗಲ್ಲ" ಅನ್ನುತ್ತಿದ್ದರು.

ಸಾಹೇಬರು ಮದರಾಸಿನಿಂದ ಒಂದು ನಾಯಿಮರಿ ತರಿಸಿದರು. ಗ್ರೇಟ್ ಡೇನ್ ಜಾತಿಯದು. ಎರಡೇ ತಿಂಗಳ ಮರಿ, ಆಗಲೇ ನಮ್ಮೂರಿನ ದೊಡ್ಡ ನಾಯಿಯಷ್ಟಿತ್ತು. ಟೈಗರ್ ಅಂತ ಹೆಸರು. ಅದು ಬಂದ ವಾರದಲ್ಲೇ ಸಾಹೇಬರಿಗೆ ಐದು ತಿಂಗಳ ಟ್ರೇನಿಂಗಿಗೆ ಉತ್ತರದ ಕಡೆಗೆ ಹೋಗುವ ಆರ್ಡರು ಬಂತು. ಅವರ ಹೆಂಡತಿ ಮೈಸೂರಿನ ತವರಿಗೆ ಹೊರಟರು. ಬಂಗಲೆಯ ಅಡುಗೆಯವರು ಮಾಂಸ ಮುಟ್ಟುವವರಲ್ಲ. ಆಗ ಸಾಹೇಬರು ನಮ್ಮನೆಯವರಿಗೆ, "ನಿನ್ನ ತಾಯಿ ಬೇಟೆನಾಯಿ ಸಾಕಿದವರಂತಲ್ಲ. ಇದನ್ನೂ ನೋಡಿಕೊಳ್ಳಲಿ. ನಾನು ಬಂದಾಗ ಇದು ಹ್ಯಾಗಿರುತ್ತೋ ನಿನ್ನ ಕೆಲಸಾನೂ ಹಾಗಿರುತ್ತೆ" ಅಂದರಂತೆ. ಅಂದವರು ನಕ್ಕಿದ್ದರಂತೆ. ಆದರೆ ದೊಡ್ಡವರ ನಗೆಯನ್ನು ನಂಬಿ ಕೂರುವವರಲ್ಲ ನಮ್ಮತ್ತೆ. ಅವತ್ತಿಂದ ಮನೆಯಲ್ಲಿ ಮೊದಲ ತುತ್ತು ಟೈಗರಿಗೆ, ಆಮೇಲೆ ಮಗನಿಗೆ, ಆಮೇಲೆ ಅವರಿಗೆ, ಕೊನೆಗೆ ನನಗೆ.

ಆಗ ನನಗೂ ಎರಡು ತಿಂಗಳು.

ಸಾಹೇಬರ ಹೆಂಡತಿ ಹೋಗುವಾಗ ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಟ್ಟಿದ್ದರು. ನಾನೇ ಓದಿ ಹೇಳಿದೆ. ಬೆಳಿಗ್ಗೆ ಹಾಲಿನಲ್ಲಿ ಕಾಸಿದ ರಾಗಿ ಅಂಬಲಿ. ಮಧ್ಯಾಹ್ನ ಉಪ್ಪುಖಾರ ಇಲ್ಲದೆ ಬೇಯಿಸಿದ ಕುರಿಮಾಂಸ, ಅನ್ನ. ಸಂಜೆ ಬೇಯಿಸಿದ ಮೊಟ್ಟೆ. ದಿನಕ್ಕೆ ಒಂದು ಚಮಚ ಮೂಳೆಪುಡಿ, ಒಂದು ಚಮಚ ಮೀನೆಣ್ಣೆ. ಮೂಳೆಪುಡಿಯ ಡಬ್ಬಿ, ಮೀನೆಣ್ಣೆಯ ಕಂದು ಬಾಟಲಿ ಎರಡನ್ನೂ ಅವರೇ ಕೊಟ್ಟಿದ್ದರು. ಹಾಲಿನವನಿಗೂ ಮಾಂಸದವನಿಗೂ ಮೊದಲೇ ಹೇಳಿಟ್ಟಿದ್ದರು. ನಮ್ಮತ್ತೆ ಒಂದು ಸಲ ಕೇಳಿದ್ದೇ ಸೈ, ಒಂದಕ್ಷರ ಮರೆಯಲಿಲ್ಲ. ಚಮಚಕ್ಕೆ ಮೂಳೆಪುಡಿ ತುಂಬಿ ಆ ಉಗುರಿಲ್ಲದ ಬೆರಳಿಂದ ನೇವರಿಸಿ ಸಮ ಮಾಡುತ್ತಿದ್ದರು. ಉಳಿದ ಪುಡಿ ಡಬ್ಬಿಯೊಳಗೇ ಬೀಳಬೇಕು, ನೆಲಕ್ಕೆ ಬೀಳಬಾರದು.

ಮರಿ ತಿನ್ನುವಾಗ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅದರ ಜೊತೆ ಮಾತಾಡುತ್ತಿದ್ದರು. "ಉಣ್ಣಪ್ಪಾ ಟೈಗ್ರು. ನೀನುಂಡ್ರೆ ನನ್ ಮಗ ಉಂಡ ಹಾಗೆ." ಅಷ್ಟು ಮೆತ್ತಗಿನ ದನಿ ಅವರಿಗಿದೆ ಅಂತ ನನಗೆ ಗೊತ್ತಾದದ್ದೇ ಆ ನಾಯಿಯಿಂದ. ನಮ್ಮ ಜೊತೆ ಮಾತಾಡುವಾಗ ಅದೆಲ್ಲಿ ಇಡುತ್ತಿದ್ದರೋ. ಲೈನಿನಲ್ಲಿ ತಮಿಳರು, ತೆಲುಗರು, ಮಲೆಯಾಳದವರು ಎಲ್ಲ ಇದ್ದರು. ಯಾರ ಭಾಷೆಯೂ ಬರದೆ ಎಲ್ಲರನ್ನೂ ಕನ್ನಡದಲ್ಲೇ ಬಯ್ದು, ನಲ್ಲಿಯ ಸಾಲಿನಲ್ಲಿ ಮೊದಲ ಕೊಡ ತಮ್ಮದೇ ಮಾಡಿಕೊಂಡಿದ್ದರು. ಒಬ್ಬರಿಗೆ ಒಂದು ಕಡ್ಡಿ ಬೆಂಕಿ ಕೊಟ್ಟವರಲ್ಲ, ಒಬ್ಬರ ಮನೆಯ ಒಂದು ಕಡ್ಡಿ ತಂದವರೂ ಅಲ್ಲ.

ಬಸುರಿಯ ವಿಷಯದಲ್ಲಿ ಅವರದೊಂದು ಕಾಯಿದೆ ಇತ್ತು. "ಬಸುರಿ ಅರೆಹೊಟ್ಟೆ ಉಣ್ಬೇಕು, ಬಾಣಂತಿ ಹೊಟ್ಟೆತುಂಬ ಉಣ್ಬೇಕು." ಬಸುರಿ ತಿಂದಷ್ಟೂ ಕೂಸು ದಪ್ಪವಾಗುತ್ತದೆ, ಕೂಸು ದಪ್ಪವಾದರೆ ಹೊರಗೆ ಬರುವುದಿಲ್ಲ, ತಾಯಿ ಉಳಿಯುವುದಿಲ್ಲ. ಅವರ ಒಬ್ಬಳೇ ಮಗಳು ಹಳೇ ಊರಿನಲ್ಲಿ ಹೆರಿಗೆಯಲ್ಲಿ ಹಾಗೇ ಹೋದಳಂತೆ, ಮೂರು ದಿನ ನೋವು ತಿಂದು. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯವಳು. ಇರಬಹುದು, ಪಾಪ. ಆದರೆ ಹಸಿದವಳಿಗೆ ಹಸಿವಿನ ಕಾರಣ ಹೇಳಿದರೆ ಹೊಟ್ಟೆ ತುಂಬುತ್ತದಾ? ಬೆಳಿಗ್ಗೆ ನೀರುಗಂಜಿ, ಮಧ್ಯಾಹ್ನ ಒಂದು ಸೌಟು ಅನ್ನಕ್ಕೆ ಹುಳಿನೀರು, ರಾತ್ರಿ ಅದರ ಅರ್ಧ. ಪ್ರಾಜೆಕ್ಟಿನ ಆಸ್ಪತ್ರೆಯ ನರ್ಸಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ ಸುಣ್ಣದಂಶದ ಮಾತ್ರೆ, ಮೀನೆಣ್ಣೆ ಕೊಟ್ಟು ಕಳಿಸಿದಳು. ಅತ್ತೆ ಅದನ್ನು ತೆಗೆದುಕೊಂಡು ಮಾಡಿನ ಸಂದಿಗೆ ಸೇರಿಸಿಟ್ಟರು. "ಇದೆಲ್ಲ ತಿಂದು ಕೂಸಿನ ತಲೆ ಗಟ್ಟಿ ಮಾಡ್ಕೊಂಡು ಸಾಯ್ತೀಯಾ?"

ಎದುರಿಗೆ ಆ ಮರಿ ಮಾಂಸ ನೆಕ್ಕುತ್ತಿತ್ತು. ನಾಯಿಯ ತಟ್ಟೆಯ ಮೇಲೆ ಕಣ್ಣು ಹಾಕಿದವಳು ಅಂತ ನೀವು ಆಡಿಕೊಳ್ಳಿ, ನನಗೆ ನಾಚಿಕೆಯಿಲ್ಲ. ಒಂದು ಸಂಜೆ ಅತ್ತೆ ನೀರಿಗೆ ಹೋಗಿದ್ದರು. ಟೈಗರಿನ ಮೊಟ್ಟೆ ಬೆಂದು ಸುಲಿದು ಬಟ್ಟಲಿನಲ್ಲಿತ್ತು. ತೆಗೆದು ಬಾಯಿಗೆ ಹಾಕಿಕೊಂಡೆ. ಅಗಿಯುವ ಹೊತ್ತಿಗೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಕೊಡ ಇಳಿಸಿದರು. ಬಯ್ಯಲಿಲ್ಲ. ಹತ್ತಿರ ಬಂದು ಎಡಗೈಯಲ್ಲಿ ನನ್ನ ಕೆನ್ನೆ ಅಮುಕಿ, ಬಲಗೈ ಹೆಬ್ಬೆರಳು ಬಾಯೊಳಗೆ ಹಾಕಿ ಮೊಟ್ಟೆಯ ಚೂರುಗಳನ್ನು ಎಳೆದು ತೆಗೆದರು. ಒಸಡಿನ ಸಂದಿಯದನ್ನೂ ಬಿಡಲಿಲ್ಲ. ತೆಗೆದದ್ದನ್ನು ನಾಯಿಯ ತಟ್ಟೆಗೆ ಸವರಿದರು. ಅದು ನನ್ನ ಎಂಜಲನ್ನು ಬಾಲ ಅಲ್ಲಾಡಿಸುತ್ತಾ ತಿಂದಿತು. "ಅದು ಸಾಹೇಬ್ರ ಅನ್ನ. ನಿನ್ನಪ್ಪನ ಮನೇದಲ್ಲ, ನನ್ ಮನೇದೂ ಅಲ್ಲ" ಅಂದು ಕೈ ತೊಳೆಯಲು ಹೋದರು. ನನಗೆ ಅಳು ಬರಲಿಲ್ಲ. ಈ ಮುದುಕಿಯ ಬಾಯಿಗೆ ಮಣ್ಣು ಬೀಳುವುದನ್ನು ನೋಡಬೇಕು ಅನ್ನಿಸಿತು. ಅದೇ ಮಾತಲ್ಲಿ ಅನ್ನಿಸಿತು.

ಅದಾದ ಮೂರನೆಯ ದಿನ ಮೈಸೂರಿನಿಂದ ಕಾಗದ ಬಂತು. ಮನೆಯಲ್ಲಿ ಅತ್ತೆ, ನಾನು, ನಾಯಿ. ನಮ್ಮನೆಯವರು ಡ್ಯೂಟಿಗೆ ಹೋಗಿದ್ದರು. "ಓದೇ" ಅಂದರು. ಮೊದಲು ನನ್ನ ಮನಸ್ಸಿನಲ್ಲೇ ಓದಿಕೊಂಡೆ. ಅದರಲ್ಲಿದ್ದದ್ದು ಇಷ್ಟು. ಟೈಗರ್‌ಗೆ ನಾಲ್ಕು ತಿಂಗಳು ತುಂಬಿತು, ಇನ್ನು ಮೂಳೆಪುಡಿ ನಿಲ್ಲಿಸಿ. ಮೀನೆಣ್ಣೆ ವಾರಕ್ಕೆ ಎರಡು ಸಲ, ಅರ್ಧ ಚಮಚ ಸಾಕು. ಮೊಟ್ಟೆ ಬೇಡ. ಅನ್ನ, ಮಾಂಸ ಕಾಲುಭಾಗ ಕಡಿಮೆ ಮಾಡಿ. ದೊಡ್ಡ ಜಾತಿಯ ಮರಿಗೆ ಬೇಗ ತೂಕ ಬಂದರೆ ಕಾಲು ಸೊಟ್ಟಗಾಗುತ್ತವೆ, ಪಕ್ಕೆಲುಬು ಕೈಗೆ ಸಿಗುವ ಹಾಗೆ ತೆಳ್ಳಗಿರಲಿ ಎಂದು ಮರಿ ಕೊಟ್ಟ ಮದರಾಸಿನವರು ಖಡಾಖಂಡಿತವಾಗಿ ಹೇಳಿದ್ದಾರೆ.

ಸರಿಯಾಗಿ ಓದಿದ್ದರೆ ಆ ಮೊಟ್ಟೆ, ಆ ಮಾಂಸದ ಕಾಲುಭಾಗ ಮನೆಯಲ್ಲೇ ಉಳಿಯುತ್ತಿತ್ತು. ಅಷ್ಟು ಬುದ್ಧಿ ನನಗೆ ಆಗಲೇ ಓಡಿತು. ಆದರೆ ಉಳಿದದ್ದು ನನ್ನ ಬಾಯಿಗೆ ಬರುತ್ತದೆಂದು ಯಾರು ಕಂಡರು? ನನ್ನ ಬಾಯಿಗೆ ಏನು ಬರುತ್ತದೆ ಅನ್ನುವುದು ಮೂರು ದಿನದ ಹಿಂದೆ ಗೊತ್ತಾಗಿತ್ತಲ್ಲ. ಓದಿದೆ. "ಮರಿಗೆ ನಾಲ್ಕು ತಿಂಗಳಾಯ್ತು. ಇನ್ಮೇಲೆ ಎಲ್ಲ ಎರಡರಷ್ಟು ಹಾಕಿ. ಮೂಳೆಪುಡಿ ಎರಡು ಚಮಚ, ಮೀನೆಣ್ಣೆ ಎರಡು ಚಮಚ, ಮೊಟ್ಟೆ ಎರಡು. ಬೇಗ ಬೇಗ ದಪ್ಪ ಆಗ್ಬೇಕು."

ಅತ್ತೆ ಎಲೆ ಮಡಿಸುತ್ತಿದ್ದವರು ನಿಲ್ಲಿಸಿದರು. "ಇನ್ನೊಂದ್ಸಲ ಓದು."

ಓದಿದೆ. ಎರಡನೆಯ ಸಲವೂ ನನ್ನ ದನಿ ನಡುಗಲಿಲ್ಲ.

"ಅಲ್ಲ ಕಣೇ, ನಾವು ಬೇಟೆನಾಯಿ ಮರಿಗೆ ಹಿಂಗೆ ತುಂಬ್ತಿರ್ಲಿಲ್ಲ. ಎಳೇದಕ್ಕೆ ತುಂಬಿದ್ರೆ ಕಾಲು ಹೋಗ್ತದೆ. ಎಲುಬು ಕಾಣ್ತಿರ್ಬೇಕು ಅಂತಿದ್ರು ನಮ್ಮ ಮಾವ. ಸರಿಯಾಗಿ ನೋಡು, ಹಂಗೇ ಬರ್ದಾರಾ?"

"ಹೌದು ಅತ್ತೆ. ಇದು ದೊಡ್ಡ ಜಾತಿಯಂತೆ. ನಮ್ಮ ನಾಯಿ ಹಾಗಲ್ಲವಂತೆ."

ಮಡಿಸಿದ ಎಲೆ ಕೆಳಗಿಟ್ಟರು. "ಓದಿದೋರು ಬರ್ದಿದ್ದು. ನಂಗೆಂತ ಗೊತ್ತು" ಅಂದು ಕಾಗದ ಇಸಿದುಕೊಂಡು ಎಲೆಅಡಿಕೆಯ ಸಂಚಿಯಲ್ಲಿಟ್ಟರು. ಅವರಿಗೆ ಗೊತ್ತಿತ್ತು. ಆ ಕಾಗದದಲ್ಲಿದ್ದದ್ದು ಅಕ್ಷರ ಬಾರದ ಅವರಿಗೆ ಮೊದಲೇ ಗೊತ್ತಿತ್ತು. ನನ್ನ ಏಳನೇ ಕ್ಲಾಸಿಗೆ ಮರ್ಯಾದೆ ಕೊಟ್ಟು ತಮ್ಮ ತಿಳಿವಳಿಕೆಯನ್ನು ಬದಿಗಿಟ್ಟರು.

ಹಾಲು, ಮಾಂಸ ಬರುತ್ತಿದ್ದದ್ದು ಹಳೇ ಅಳತೆಯಲ್ಲೇ. ಎರಡರಷ್ಟು ಮಾಡುವುದು ಹೇಗೆ? ಮನೆಯದನ್ನು ಸೇರಿಸಿದರು. ನಮ್ಮ ಎರಡು ಕೋಳಿಯ ಮೊಟ್ಟೆ ಸಂತೆಗೆ ಹೋಗುವುದು ನಿಂತಿತು. ನನ್ನ ಒಂದು ಸೌಟು ಅರ್ಧ ಸೌಟಾಯಿತು, ಅವರು ರಾತ್ರಿ ಊಟವನ್ನೇ ಬಿಟ್ಟರು. ಮೂಳೆಪುಡಿ ಮುಗಿದಾಗ ಮಾಂಸದವನ ಹತ್ತಿರ ಬಿಟ್ಟಿ ಮೂಳೆ ತಂದು, ಒಲೆಯಲ್ಲಿ ಸುಟ್ಟು, ಒರಳಿನಲ್ಲಿ ಕುಟ್ಟಿ, ಸೆರಗಿನಲ್ಲಿ ಸೋಸಿ ಪುಡಿ ಮಾಡಿದರು. ಮಾಡಿನ ಸಂದಿಯಲ್ಲಿದ್ದ ನನ್ನ ಮಾತ್ರೆಗಳೂ ಮೀನೆಣ್ಣೆಯೂ ಅದರ ತಟ್ಟೆಗೇ ಹೋದವು. ನಾನು ನೋಡುತ್ತಾ ಕೂತೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಹೊಟ್ಟೆ ಸುಡುತ್ತಿತ್ತು, ಆದರೂ ಒಳಗೊಂದು ಕಡೆ ತಣ್ಣಗೆ ಅನ್ನಿಸುತ್ತಿತ್ತು. ದ್ವೇಷ ಅಂದರೆ ಹಾಗೆ, ತನ್ನ ಅನ್ನ ತಾನೇ ಕಿತ್ತುಕೊಳ್ಳುತ್ತದೆ.

ಟೈಗರ್ ಉಬ್ಬಿತು. ಲೈನಿನವರೆಲ್ಲ ಬಂದು ನೋಡಿ, "ಕರುವಿನ ಹಾಗಾಗಿದೆ ಮಾರಾಯ್ರೆ" ಅಂದರು. ಅತ್ತೆಗೆ ಒಂದು ತಿಂಗಳು ನೆಲದ ಮೇಲೆ ಕಾಲಿರಲಿಲ್ಲ. ಆಮೇಲೆ ಅದರ ಮುಂಗಾಲಿನ ಗಂಟುಗಳು ಊದಿಕೊಂಡವು. ಪಾದ ಹೊರಕ್ಕೆ ತಿರುಗಿತು. ಕಾಲು ಎರಡೂ ಬಿಲ್ಲಿನ ಹಾಗೆ ಬಾಗಿದವು. ಏಳುವಾಗ ಕುಂಯ್ ಅನ್ನುತ್ತಿತ್ತು, ಎದ್ದರೆ ನಾಲ್ಕು ಹೆಜ್ಜೆಗೆ ಕೂರುತ್ತಿತ್ತು. ಅತ್ತೆ ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ನೋವಿಗೆ ಅದು ಅವರ ಕೈಯನ್ನೇ ನೆಕ್ಕುತ್ತಿತ್ತು.

ಸಾಹೇಬರು ಬರಲು ಇನ್ನು ಸ್ವಲ್ಪವೇ ದಿನ. ಸಾಗರದ ದನದ ಆಸ್ಪತ್ರೆಗೆ ತೋರಿಸುವುದೆಂದು ಅತ್ತೆ ಹೊರಟರು. ನಮ್ಮನೆಯವರಿಗೆ ರಜೆ ಸಿಗಲಿಲ್ಲ. "ನೀನೂ ಬಾ. ಡಾಕ್ಟ್ರು ಎಂತಾದ್ರೂ ಬರ್ದುಕೊಟ್ರೆ ಓದ್ಬೇಕು" ಅಂದರು. ಪ್ರಾಜೆಕ್ಟಿನ ಲಾರಿಯ ಹಿಂಭಾಗದಲ್ಲಿ ನಾಯಿಯನ್ನು ಮಲಗಿಸಿ ಅದರ ಆ ಕಡೆ ಅವರು, ಈ ಕಡೆ ನಾನು. ಆರು ತಿಂಗಳ ಹೊಟ್ಟೆ ಲಾರಿಯ ಜೊತೆ ಕುಣಿಯುತ್ತಿತ್ತು. ನನಗೆ ಅದರ ಯೋಚನೆ ಇರಲಿಲ್ಲ. ಕಾಗದ ಅವರ ಸಂಚಿಯಲ್ಲಿದೆ ಅನ್ನುವುದೊಂದೇ ಯೋಚನೆ. ತಾಳಗುಪ್ಪದ ಹತ್ತಿರ ಅವರು ಎಲೆ ಹಾಕಲು ಸಂಚಿ ಬಿಚ್ಚಿದಾಗ, ಗಾಳಿಗಾದರೂ ಹಾರಿಹೋಗಲಿ ದೇವರೇ ಅಂತ ಬೇಡಿಕೊಂಡೆ. ಮಡಿಸಿದ ಕಾಗದ ಅಡಿಕೆಯ ಚೂರುಗಳ ನಡುವೆ ಅಲ್ಲೇ ಇತ್ತು.

ಆಸ್ಪತ್ರೆಯ ಅಂಗಳದಲ್ಲಿ ಎತ್ತು, ಎಮ್ಮೆ ಹಿಡಿದುಕೊಂಡು ಜನ ನಿಂತಿದ್ದರು. ಡಾಕ್ಟರು ಮರಿಯ ಕಾಲು ಮುಟ್ಟಿ ನೋಡಿ, "ಏನು ತಿನ್ನಿಸಿದ್ರಿ ಇದಕ್ಕೆ?" ಅಂದರು. ಅತ್ತೆಯ ಮುಖದಲ್ಲಿ ಭಯವಿರಲಿಲ್ಲ. ತಾವು ಲೋಪ ಮಾಡಿಲ್ಲ ಅನ್ನುವ ಧೈರ್ಯ. "ಸಾಹೇಬ್ರ ಹೆಂಡ್ತಿ ಬರ್ದ ಹಾಗೇ ಸ್ವಾಮಿ. ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ. ಬೇಕಾದ್ರೆ ನೋಡಿ" ಅಂತ ಕಾಗದ ತೆಗೆದುಕೊಟ್ಟರು.

ಡಾಕ್ಟರು ಗಟ್ಟಿಯಾಗಿ ಓದಿದರು. ಮೂಳೆಪುಡಿ ನಿಲ್ಲಿಸಿ. ಮೊಟ್ಟೆ ಬೇಡ. ಪಕ್ಕೆಲುಬು ಕೈಗೆ ಸಿಗುವ ಹಾಗಿರಲಿ. ಓದಿ ಮುಗಿಸಿ ಕನ್ನಡಕ ತೆಗೆದು, "ಇಷ್ಟು ಸ್ಪಷ್ಟವಾಗಿ ಬರೆದಿದಾರಲ್ಲಮ್ಮ. ಬರೆದದ್ದೊಂದು, ನೀವು ಮಾಡಿದ್ದೊಂದು. ಇದರ ಕಾಲು ಇನ್ನು ನೆಟ್ಟಗಾಗೋದಿಲ್ಲ" ಅಂದರು. ಎತ್ತು ಹಿಡಿದವರೆಲ್ಲ ಅತ್ತೆಯನ್ನೇ ನೋಡಿದರು.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಅವರ ಬಾಯಲ್ಲಿದ್ದ ಎಲೆಯ ಅಗಿತ ನಿಂತಿತು, ಅಷ್ಟೇ ನನಗೆ ಕಂಡದ್ದು. ಆಮೇಲೆ ಕೈಮುಗಿದು, "ನಂದೇ ತಪ್ಪು ಸ್ವಾಮಿ. ಬೇಗ ದೊಡ್ಡದಾಗ್ಲಿ ಅಂತ ಆಸೆ ಬಿದ್ದೆ" ಅಂದರು.

ವಾಪಸು ಬರುವಾಗ ಲಾರಿ ಡ್ರೈವರಿಗೆ ಹೇಳಿ ನನ್ನನ್ನು ಮುಂದೆ ಕೂರಿಸಿದರು. ತಾವು ಹಿಂದೆ ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಬಂದರು. ಮನೆಗೆ ಬಂದದ್ದೇ ಕಾಗದವನ್ನು ಒಲೆಗೆ ಹಾಕಿದರು. ನಾನು ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆಳೆದುಕೊಂಡರು. "ಮುಟ್ಬೇಡ ನನ್ನ. ಮಗನ ಹತ್ರ ಬಾಯಿ ಬಿಟ್ಟೆಯೋ, ಇದೇ ಒಲೆಗೆ ನಿನ್ನ ನಾಲಿಗೆ ಹಾಕ್ತೀನಿ."

ಸಾಹೇಬರು ಬಂದರು. ಜೀಪಿನಿಂದ ಇಳಿದವರು ನೇರ ನಮ್ಮ ಲೈನಿಗೇ ಬಂದರು. ಟೈಗರ್ ಅವರನ್ನು ನೋಡಿ ಏಳಲು ಹೋಗಿ ಮುಗ್ಗರಿಸಿ, ಮತ್ತೆ ಎದ್ದು, ಬಾಗಿದ ಕಾಲಲ್ಲಿ ಅವರ ಬೂಟಿನವರೆಗೂ ಹೋಗಿ ಕೂತಿತು. ಸಾಹೇಬರು ಬಗ್ಗಿ ಮುಟ್ಟಲಿಲ್ಲ. "ನನ್ನ ಹೆಂಡತಿ ಬರೆದ ಕಾಗದ ಬರಲಿಲ್ವಾ?"

"ಬಂದಿತ್ತು ಸ್ವಾಮಿ" ಅಂದರು ಅತ್ತೆ. "ಸೊಸೆ ಸರಿಯಾಗೇ ಓದಿದ್ಲು. ನಾನೇ ಕೇಳ್ಲಿಲ್ಲ. ಮುದುಕಿ ಬುದ್ಧಿ. ಮಗನದೇನೂ ತಪ್ಪಿಲ್ಲ ಸ್ವಾಮಿ, ಅವನು ಮನೇಲೇ ಇರ್ತಿರ್ಲಿಲ್ಲ."

ನಮ್ಮನೆಯವರು ಅಲ್ಲೇ ನಿಂತಿದ್ದರು. ಅವರ ಮುಖ ನಾನು ನೋಡಲಿಲ್ಲ, ನೋಡುವ ಮುಖ ನನಗೆಲ್ಲಿತ್ತು. ಸಾಹೇಬರು ಅವರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಒಂದು ನಾಯಿ ನೋಡಿಕೊಳ್ಳೋಕೆ ಆಗಲಿಲ್ಲ ನಿಮ್ಮ ಮನೆಗೆ" ಅಂದರು. ಆಮೇಲೆ ಗಟ್ಟಿಯಾಗಿ, ಈ ಅವತಾರದಲ್ಲಿ ಇದನ್ನಿಟ್ಟುಕೊಂಡು ಪ್ರಯೋಜನವಿಲ್ಲ, ಕ್ವಾರಿಯ ಹಿಂದೆ ತೆಗೆದುಕೊಂಡು ಹೋಗು, ವಾಚ್‌ಮನ್ ಕೋವಿ ತರುತ್ತಾನೆ ಅಂದರು. ಅತ್ತೆ, "ಕುಂಟ ಆದ್ರೂ ನಾನೇ ಇಟ್ಕೊಳ್ತೀನಿ ಸ್ವಾಮಿ, ನನ್ ಪಾಲಿನ ಗಂಜಿ ಹಾಕ್ತೀನಿ" ಅಂತ ಸೆರಗು ಒಡ್ಡಿದರು. ಅವರು ಯಾರ ಮುಂದೆಯೂ ಸೆರಗು ಒಡ್ಡಿದ್ದು ನಾನು ಕಂಡಿರಲಿಲ್ಲ. ಸಾಹೇಬರು ಆಗಲೇ ಜೀಪಿನ ಕಡೆ ತಿರುಗಿದ್ದರು.

ಹಗ್ಗ ಹಿಡಿದುಕೊಂಡು ಹೋದವರು ನಮ್ಮನೆಯವರೇ. ಹೋಗುವ ಮೊದಲು ಅತ್ತೆ ಬಿಸಿ ಅನ್ನ ಕಲಸಿ ಕೈತುತ್ತು ಹಾಕಿದರು. ಅದಕ್ಕೇನು ಗೊತ್ತು, ಪೂರ್ತಿ ತಿಂದು ತಟ್ಟೆ ನೆಕ್ಕಿತು. ಕ್ವಾರಿಯಲ್ಲಿ ಅವತ್ತು ಬಂಡೆ ಒಡೆಯುವ ಸಿಡಿಮದ್ದು ಇಡೀ ದಿನ ಸಿಡಿಯುತ್ತಿತ್ತು, ಯಾವುದು ಕೋವಿಯ ಸದ್ದು ಅಂತ ತಿಳಿಯಲಿಲ್ಲ. ಪ್ರತಿ ಸದ್ದಿಗೂ ಅತ್ತೆ ತಲೆ ಎತ್ತುತ್ತಿದ್ದರು. ನಮ್ಮನೆಯವರು ವಾಪಸು ಬಂದು ಹಗ್ಗವನ್ನು ತಾಯಿಯ ಮುಂದೆ ಎಸೆದು ಹೊರಗೆ ಹೋದರು.

ಖಾಯಮ್ಮಿನ ಪಟ್ಟಿ ಬಂದಾಗ ಅದರಲ್ಲಿ ನಮ್ಮ ಹೆಸರಿರಲಿಲ್ಲ. ಲೈನ್‌ಮನೆ ಬಿಡಿಸಿದರು. ಸಾಗರದ ಹೊರಗೆ ಯಾರದೋ ಜಾಗದಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡೆವು. ಜೀಪಿನ ಸ್ಟೇರಿಂಗ್ ಹಿಡಿದವರು ಸಾಮಿಲ್ಲಿನಲ್ಲಿ ದಿಮ್ಮಿ ಹೊರಲು ಹೋದರು. ಅತ್ತೆ ಆ ವಯಸ್ಸಿನಲ್ಲಿ ರಸ್ತೆಗೆ ಜಲ್ಲಿ ಒಡೆಯಲು ಕೂತರು. ತಾಯಿಯ ಜೊತೆ ನಮ್ಮನೆಯವರು ಮಾತು ಬಿಟ್ಟರು. 'ಅವ್ವ' ಅನ್ನುವ ಶಬ್ದವೇ ಅವರ ಬಾಯಿಂದ ಹೋಯಿತು. ಏನಾದರೂ ಹೇಳಬೇಕಾದರೆ ನನ್ನ ಕಡೆ ತಿರುಗಿ, "ಅದಕ್ಕೆ ಹೇಳು" ಅನ್ನುತ್ತಿದ್ದರು. ಅತ್ತೆ ಬಡಿಸಿದರೆ ಎದ್ದುಬಿಡುತ್ತಿದ್ದರು. ನಾನೇ ಬಡಿಸಬೇಕು.

ಆ ಗುಡಿಸಲಿನಲ್ಲೇ ನನ್ನ ಮೊದಲ ಮಗಳು ಹುಟ್ಟಿದಳು. ಹೊಕ್ಕುಳಬಳ್ಳಿ ಕೊಯ್ದವರು ಅತ್ತೆ. ಮುಷ್ಟಿಯಷ್ಟಿದ್ದ ಕೂಸು, ಬೇಗ ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಪಕ್ಕ ಇಟ್ಟು, 'ಬಾಣಂತಿ ಹೊಟ್ಟೆತುಂಬ ಉಣ್ಬೇಕು' ಅಂತ ಇದ್ದ ಎರಡು ಕೋಳಿಯನ್ನೂ ಒಂದೊಂದಾಗಿ ಕೊಯ್ದು ಮೆಣಸಿನ ಸಾರು ಮಾಡಿ ಬಡಿಸಿದರು. ಜಲ್ಲಿ ಒಡೆದು ಬಂದ ಕೈಯಲ್ಲೇ ದಿನಾ ನನಗೂ ಕೂಸಿಗೂ ನೀರು ಹಾಕಿದರು. ಒಂದು ದಿನ ನನಗೆ ತಡೆಯಲಿಲ್ಲ. "ಯಾಕೆ ಅತ್ತೆ ನನ್ನ ಹೆಸರು ಹೇಳಲಿಲ್ಲ?" ಅಂತ ಕೇಳಿದೆ.

"ಪ್ರೀತಿ ಅಂತ ತಿಳ್ಕೋಬೇಡ" ಅಂದರು. ಕೂಸಿನ ಬೆನ್ನು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಮಗ ತಾಯಿನ ಬಿಟ್ರೂ ಮನೆ ನಿಲ್ತದೆ. ಹೆಂಡ್ತಿನ ಬಿಟ್ರೆ ನಿಲ್ಲಲ್ಲ. ನಿನ್ನ ಮುಖ ಕಂಡ್ರೆ ನಂಗೆ ಈಗ್ಲೂ ಮೈ ಉರೀತದೆ."

ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆವು. ಬಯ್ಯುವುದನ್ನು ಬಿಡಲಿಲ್ಲ, ಪಾತ್ರೆಯ ತಳ ಸರಿ ಉಜ್ಜಲಿಲ್ಲ ಅಂತ ಹುಟ್ಟಿಸಿದವರನ್ನೆಲ್ಲ ಎತ್ತಿ ಆಡುತ್ತಿದ್ದರು. ಆ ಒಂದನ್ನು ಮಾತ್ರ ಸಿಟ್ಟಿನಲ್ಲೂ ಆಡಲಿಲ್ಲ. ಮಗ ಎದುರಿಗೇ ಕೂತು, "ನನ್ನ ಅನ್ನ ಕಿತ್ತವಳು" ಅಂತ ಕುಡಿದು ಕೂಗುವಾಗಲೂ ಗೋಡೆಯ ಕಡೆ ತಿರುಗಿ ಅಡಿಕೆ ಕತ್ತರಿಸುತ್ತಿದ್ದರು. ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಆಗ ಹೇಳಬಹುದಿತ್ತು. ನನಗೆ ಎರಡನೆಯದು ಹೊಟ್ಟೆಯಲ್ಲಿತ್ತು, ಆಮೇಲೆ ಮೂರನೆಯದು. ಒಂದಲ್ಲ ಒಂದು ನೆಪ ಸಿಗುತ್ತಿತ್ತು.

ಜಲ್ಲಿಯ ಧೂಳು ಎದೆಗಿಳಿದು ಅತ್ತೆ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಉಸಿರು ಮೇಲಕ್ಕೆ ಎಳೆಯಿತು. ನೀರು ಬಿಡಿ ಅಂತ ಅಕ್ಕಪಕ್ಕದವರು ಮಗನನ್ನು ಕರೆದರು. ನಮ್ಮನೆಯವರು ಅಂಗಳದ ಕಲ್ಲಿನ ಮೇಲೆ ಕೂತಿದ್ದವರು ಏಳಲಿಲ್ಲ. "ಅವಳೇ ಹಾಕಲಿ" ಅಂತ ನನ್ನ ಕಡೆ ಗಲ್ಲ ಎತ್ತಿದರು. ಅತ್ತೆಯ ಕಣ್ಣು ಬಾಗಿಲಿನ ಮೇಲೇ ಇತ್ತು. ನಾನು ಬಗ್ಗಿ ಅವರ ಕಿವಿಯಲ್ಲಿ, "ಹೇಳಿಬಿಡಲಾ ಅತ್ತೆ? ಈಗ ಹೇಳಿದರೆ ಬರುತ್ತಾರೆ" ಅಂದೆ.

ಅವರು ನನ್ನನ್ನು ನೋಡಿದರು. ತುಟಿ ಅಲ್ಲಾಡಿತು. ಹೇಳು ಅಂದರೋ ಬೇಡ ಅಂದರೋ, ಸತ್ಯವಾಗಿಯೂ ನನಗೆ ತಿಳಿಯಲಿಲ್ಲ. ಬೇಡ ಅಂದರು ಅಂತ ಇಟ್ಟುಕೊಂಡೆ. ನೀರು ನಾನೇ ಬಿಟ್ಟೆ. ಎರಡನೆಯ ಚಮಚ ಒಳಗೆ ಇಳಿಯಲಿಲ್ಲ.

ಆಮೇಲೆ ನಮ್ಮನೆಯವರು ಮೂವತ್ತು ವರ್ಷ ಬದುಕಿದರು. ನನ್ನನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದರು. ಮಕ್ಕಳು ಓದಿದರು, ಮನೆಗೆ ಹೆಂಚು ಬಂತು. ಕೊನೆಯ ದಿನಗಳಲ್ಲಿ ಮಲಗಿದಲ್ಲೇ ಹಳೆಯದೆಲ್ಲ ನೆನೆಸಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ ಕೈ ಹಿಡಿದು ನಿಲ್ಲಿಸಿ, "ನೀನು ಅವತ್ತು ಮನೇಲೇ ಇದ್ದೆಯಲ್ಲ. ನಮ್ಮವ್ವ ಬೇಕು ಅಂತಲೇ ಹಾಗೆ ಮಾಡಿದ್ಲೇನೇ?" ಅಂತ ಕೇಳಿದರು. ಅಷ್ಟು ವರ್ಷದ ಮೇಲೆ ಅವ್ವ ಅಂದದ್ದು ಅವತ್ತೇ.

"ಯಾರಿಗೆ ಗೊತ್ತು" ಅಂದೆ. ಅವರು ಕೈ ಬಿಟ್ಟರು. ಉಳಿದ ಗಂಜಿ ಕುಡಿಸಿ ಬಾಯಿ ಒರೆಸಿದೆ.